ಪ್ರಯೋಗಾಲಯದ ಹೊಸ್ತಿಲು ದಾಟುವ ಸೋಂಕು: ವಿಶ್ವವಿದ್ಯಾಲಯಗಳು ಕಲಿಯಬೇಕಾದ ಪಾಠ

1978ರ ಆಗಸ್ಟ್ ತಿಂಗಳು. ಸಿಡುಬು ಭೂಮಂಡಲದಿಂದ ತೊಲಗಿತೆಂದು ಜಗತ್ತು ನೆಮ್ಮದಿಯ ನಿಟ್ಟುಸಿರು ಬಿಡುತ್ತಿದ್ದ ಕಾಲ. ನೈಸರ್ಗಿಕವಾಗಿ ಹರಡಿದ ಸಿಡುಬಿನ ಕೊನೆಯ ಪ್ರಕರಣ ಸೊಮಾಲಿಯಾದಲ್ಲಿ ದಾಖಲಾಗಿ ಹತ್ತು ತಿಂಗಳು ಕಳೆದಿತ್ತು. ಅಂಥ ಹೊತ್ತಿನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಛಾಯಾಗ್ರಾಹಕಿಯಾಗಿದ್ದ 40 ವರ್ಷದ ಜಾನೆಟ್ ಪಾರ್ಕರ್ ಜ್ವರದಿಂದ ಹಾಸಿಗೆ ಹಿಡಿದರು. ಸೆಪ್ಟೆಂಬರ್ 11ರಂದು ಕೊನೆಯುಸಿರೆಳೆದರು. ಸಿಡುಬಿಗೆ ಬಲಿಯಾದ ಕೊನೆಯ ವ್ಯಕ್ತಿಯೆಂದು ಚರಿತ್ರೆಯಲ್ಲಿ ದಾಖಲಾಗಿರುವುದು ಅವರ ಹೆಸರೇ.

ಪಾರ್ಕರ್ ವಿಜ್ಞಾನಿಯಾಗಿರಲಿಲ್ಲ. ಸಿಡುಬಿನ ವೈರಸ್ಸನ್ನು ಇಟ್ಟುಕೊಂಡು ಸಂಶೋಧನೆ ನಡೆಸುತ್ತಿದ್ದ ಪ್ರಯೋಗಾಲಯದ ಮೇಲಿನ ಮಹಡಿಯಲ್ಲಿ ಅವರು ಚಿತ್ರ ಸಂಸ್ಕರಿಸುವ ಕತ್ತಲೆಕೋಣೆ ಇತ್ತು, ಅಷ್ಟೇ. ಅವರ ತಾಯಿಗೂ ಸೋಂಕು ತಗುಲಿತು. ಆದರೆ ಅದು ಸೌಮ್ಯವಾಗಿದ್ದುದರಿಂದ ಅವರು ಬದುಕುಳಿದರು. ಅದೇ ದಿನಗಳಲ್ಲಿ ತಂದೆ ಹೃದಯಾಘಾತದಿಂದ ತೀರಿಕೊಂಡರು. ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ಪ್ರೊ. ಹೆನ್ರಿ ಬೆಡ್ಸನ್ ಆತ್ಮಹತ್ಯೆ ಮಾಡಿಕೊಂಡರು. ಸೋಂಕು ಕೆಳಗಿನ ಕೋಣೆಯಿಂದ ಮೇಲಕ್ಕೆ ಹೇಗೆ ಬಂತು ಎಂಬ ಬಗ್ಗೆ ಸರ್ಕಾರ ತನಿಖೆ ನಡೆಸಿತು. ವಿಶ್ವವಿದ್ಯಾಲಯದ ಮೇಲೆ ಮೊಕದ್ದಮೆಯೂ ಹೂಡಲಾಯಿತು. ಆದರೆ ಸೋಂಕಿನ ದಾರಿ ನ್ಯಾಯಾಲಯದಲ್ಲಿ ಸಾಬೀತಾಗದೆ 1979ರಲ್ಲಿ ವಿಶ್ವವಿದ್ಯಾಲಯ ದೋಷಮುಕ್ತವಾಯಿತು. ಆ ದಾರಿ ಯಾವುದೆಂಬುದು ಇಂದಿಗೂ ವಿವಾದಾತೀತವಾಗಿ ಇತ್ಯರ್ಥವಾಗಿಲ್ಲ.

ಈ ಹಳೆಯ ಪ್ರಕರಣವನ್ನು ಈಗ ನೆನೆಯಲು ಕಾರಣವಿದೆ. ಕೋವಿಡ್ ಮಹಾಮಾರಿಯ ನಂತರ ಪ್ರಯೋಗಾಲಯಗಳ ಸುರಕ್ಷತೆ ಜಗತ್ತಿನಾದ್ಯಂತ ಚರ್ಚೆಯ ವಿಷಯವಾಗಿದೆ. 2024ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ್ದ ವಿಶ್ವ ಆರೋಗ್ಯ ಸಭೆ ಪ್ರಯೋಗಾಲಯಗಳ ಜೈವಿಕ ಅಪಾಯ ನಿರ್ವಹಣೆ ಕುರಿತು ನಿರ್ಣಯ ಅಂಗೀಕರಿಸಿತು. 2025ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷರು ಅಪಾಯಕಾರಿ ಜೈವಿಕ ಸಂಶೋಧನೆಗೆ ಕಡಿವಾಣ ಹಾಕುವ ಆದೇಶಕ್ಕೆ ಸಹಿ ಹಾಕಿದರು. ಆದರೆ ಈ ಚರ್ಚೆಗಳ ಗಮನವೆಲ್ಲ ನಾಲ್ಕಾರು ಬೀಗಗಳ ಹಿಂದೆ ಕೆಲಸ ನಡೆಯುವ ಬೃಹತ್ ಪ್ರಯೋಗಾಲಯಗಳ ಮೇಲೆ ನೆಟ್ಟಿದೆ. ಪ್ರತಿದಿನ ನೂರಾರು ವಿದ್ಯಾರ್ಥಿಗಳು ಒಳಹೊಕ್ಕು ಹೊರಬರುವ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಸಾಮಾನ್ಯ ಪ್ರಯೋಗಾಲಯಗಳತ್ತ ಅದು ಹೊರಳಿರುವುದು ಕಡಿಮೆ. ಕಳೆದ ಅರ್ಧ ಶತಮಾನದ ದಾಖಲೆಗಳನ್ನು ನೋಡಿದರೆ ಈ ಉಪೇಕ್ಷೆ ಸರಿಯಲ್ಲವೆಂಬುದು ಸ್ಪಷ್ಟವಾಗುತ್ತದೆ.

ಅಪಘಾತವಿಲ್ಲದೆ ಬರುವ ಸೋಂಕು

ಪ್ರಯೋಗಾಲಯದ ಸೋಂಕು ಎಂದೊಡನೆ ಸೀಸೆ ಒಡೆಯುವುದು, ಸೂಜಿ ಚುಚ್ಚಿಕೊಳ್ಳುವುದು, ದ್ರವ ಚೆಲ್ಲುವುದು ಮುಂತಾದ ದೃಶ್ಯಗಳು ಕಣ್ಮುಂದೆ ಬರುತ್ತವೆ. ವಾಸ್ತವ ಬೇರೆಯೇ ಇದೆ. ಅಮೆರಿಕದ ಸಂಶೋಧಕ ರಾಬರ್ಟ್ ಪೈಕ್ 1976ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಪ್ರಯೋಗಾಲಯಗಳಲ್ಲಿ ತಗುಲಿದ 3,921 ಸೋಂಕುಗಳನ್ನು ಕಲೆಹಾಕಿದ್ದರು. ಅವುಗಳಲ್ಲಿ ಗೊತ್ತಿರುವ ಅಪಘಾತದಿಂದ ಉಂಟಾದವು ಶೇ. 20ಕ್ಕಿಂತ ಕಡಿಮೆ. ಉಳಿದ ಪ್ರಕರಣಗಳಲ್ಲಿ ಇಂಥ ದಿನ, ಇಂಥ ತಪ್ಪು ನಡೆಯಿತೆಂದು ಬೊಟ್ಟು ಮಾಡಿ ತೋರಿಸಲು ಸಾಧ್ಯವಾಗಲಿಲ್ಲ.

ಇದಕ್ಕೆ ಕಾರಣ ಕೆಲಸದ ಸ್ವರೂಪದಲ್ಲಿಯೇ ಇದೆ. ನಳಿಕೆಯನ್ನು ಜೋರಾಗಿ ಅಲುಗಾಡಿಸಿದಾಗ, ಸೆಂಟ್ರಿಫ್ಯೂಜ್‌ನ ಮುಚ್ಚಳವನ್ನು ಅವಸರದಲ್ಲಿ ತೆರೆದಾಗ, ಪಿಪೆಟ್‌ನ ಕೊನೆಯ ಹನಿಯನ್ನು ಊದಿ ಹೊರಹಾಕಿದಾಗ, ಕಾದು ಕೆಂಪಾದ ತಂತಿಯನ್ನು ತಣಿಯುವ ಮುನ್ನವೇ ದ್ರವಕ್ಕೆ ಅದ್ದಿದಾಗ ಕಣ್ಣಿಗೆ ಕಾಣದ ಹನಿಗಳು ಗಾಳಿಗೆ ಸೇರುತ್ತವೆ. ಅವುಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದವರಿಗೆ ಏನೂ ಆಗಿಲ್ಲವೆಂದೇ ಅನಿಸುತ್ತದೆ. ಜ್ವರ ಬರುವುದು ವಾರಗಳ ಅನಂತರ. ಅಷ್ಟು ಹೊತ್ತಿಗೆ ಅದನ್ನು ಪ್ರಯೋಗಾಲಯದೊಂದಿಗೆ ತಾಳೆ ಹಾಕುವವರೇ ಇರುವುದಿಲ್ಲ.

ಸಾರ್ಸ್ ರೋಗ ತಹಬಂದಿಗೆ ಬಂದ ಬೆನ್ನಲ್ಲೇ ನಡೆದ ಎರಡು ಘಟನೆಗಳು ಇದಕ್ಕೆ ನಿದರ್ಶನ. 2003ರ ಸೆಪ್ಟೆಂಬರ್‌ನಲ್ಲಿ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಯೊಬ್ಬರಿಗೆ ಸಾರ್ಸ್ ತಗುಲಿತು. ಅವರು ಅಧ್ಯಯನ ಮಾಡುತ್ತಿದ್ದುದು ಸಾರ್ಸ್ ಬಗ್ಗೆ ಅಲ್ಲ, ವೆಸ್ಟ್ ನೈಲ್ ವೈರಸ್ ಬಗ್ಗೆ. ಮತ್ತೊಂದು ಸಂಸ್ಥೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವಾಗ ಬಳಸಿದ ಮಾದರಿಯಲ್ಲಿ ಸಾರ್ಸ್ ವೈರಸ್ ಬೆರೆತಿತ್ತೆಂದು ತನಿಖೆಯಿಂದ ತಿಳಿದುಬಂತು. 2004ರಲ್ಲಿ ಬೀಜಿಂಗ್‌ನ ವೈರಾಣು ಸಂಸ್ಥೆಯಲ್ಲಿ ತರಬೇತಿಗೆಂದು ಬಂದಿದ್ದ ಸ್ನಾತಕೋತ್ತರ ವಿದ್ಯಾರ್ಥಿನಿಗೂ ಸೋಂಕು ತಗುಲಿತು. ವೈರಸ್ ಸಂಪೂರ್ಣ ನಿಷ್ಕ್ರಿಯಗೊಂಡಿದೆಯೇ ಎಂಬುದನ್ನು ಸರಿಯಾಗಿ ಖಚಿತಪಡಿಸಿಕೊಳ್ಳದೆ ಬಳಸಿದ್ದೇ ಅದಕ್ಕೆ ಕಾರಣವೆಂದು ಅಧಿಕಾರಿಗಳು ಹೇಳಿದರು. ಆಕೆ ಚೇತರಿಸಿಕೊಂಡರು. ಮಗಳ ಆರೈಕೆ ಮಾಡಿದ ತಾಯಿ ಉಳಿಯಲಿಲ್ಲ.

ಕಲಿಕೆಯ ಕೊಠಡಿಯಿಂದ ಮನೆಯ ಮಕ್ಕಳಿಗೆ

ಇವೆಲ್ಲ ಸಂಶೋಧನೆಯ ಮಾತಾಯಿತು, ಬೋಧನೆಯ ಪ್ರಯೋಗಾಲಯಗಳಲ್ಲಿ ಅಂಥ ಅಪಾಯವೇನಿದೆ ಎಂದು ಕೇಳುವವರುಂಟು. ಅಮೆರಿಕದಲ್ಲಿ 2010ರ ಆಗಸ್ಟ್‌ನಿಂದ 2011ರ ಜೂನ್‌ವರೆಗೆ 38 ರಾಜ್ಯಗಳಲ್ಲಿ 109 ಮಂದಿ ಸಾಲ್ಮೊನೆಲ್ಲಾ ಸೋಂಕಿಗೆ ತುತ್ತಾದರು, ಒಬ್ಬರು ಮೃತಪಟ್ಟರು. ಮೂಲ ಹುಡುಕುತ್ತ ಹೊರಟ ರೋಗ ನಿಯಂತ್ರಣ ಕೇಂದ್ರದ ತಜ್ಞರು ಬಂದು ನಿಂತದ್ದು ಸೂಕ್ಷ್ಮಜೀವಿಶಾಸ್ತ್ರದ ಬೋಧನಾ ಪ್ರಯೋಗಾಲಯಗಳಿಗೆ. ವಿದ್ಯಾರ್ಥಿಗಳ ಪ್ರಯೋಗಕ್ಕೆಂದು ಮಾರಾಟವಾಗುವ ಬ್ಯಾಕ್ಟೀರಿಯಾ ತಳಿಗೂ ರೋಗಿಗಳಲ್ಲಿ ಸಿಕ್ಕ ತಳಿಗೂ ವ್ಯತ್ಯಾಸ ಕಾಣಲಿಲ್ಲ.

ಕಾಯಿಲೆ ಬಿದ್ದವರಲ್ಲಿ ವಿದ್ಯಾರ್ಥಿಗಳಷ್ಟೇ ಇರಲಿಲ್ಲ, ಪ್ರಯೋಗಾಲಯದ ಮುಖವನ್ನೇ ಕಾಣದ ಮನೆಯ ಮಕ್ಕಳೂ ಇದ್ದರು. ಆ ಬಳಿಕ ಕೇಂದ್ರ ನೀಡಿದ ಸಲಹೆಗಳು ತೀರಾ ಸರಳವಾಗಿದ್ದವು. ಪೆನ್ನು, ನೋಟುಪುಸ್ತಕಗಳನ್ನು ಪ್ರಯೋಗಾಲಯದಲ್ಲಿಯೇ ಬಿಟ್ಟು ಹೋಗಬೇಕು. ಊಟದ ಡಬ್ಬಿ, ಚೀಲ, ಮೊಬೈಲ್ ಫೋನುಗಳನ್ನು ಒಳಗೆ ತರಬಾರದು. ಹೊರಡುವ ಮುನ್ನ ಸಾಬೂನಿನಿಂದ ಕೈ ತೊಳೆಯಬೇಕು. ಅಮೆರಿಕದ ಸೂಕ್ಷ್ಮಜೀವಿಶಾಸ್ತ್ರ ಸಂಘ 2012ರಲ್ಲಿ ಬೋಧನಾ ಪ್ರಯೋಗಾಲಯಗಳಿಗೆಂದೇ ಪ್ರತ್ಯೇಕ ಮಾರ್ಗಸೂಚಿ ಹೊರತಂದಿತು. ಆದರೂ 2014ರಲ್ಲಿ 41 ಮಂದಿಗೆ, 2017ರಲ್ಲಿ 24 ಮಂದಿಗೆ ಮತ್ತೆ ಇದೇ ಬಗೆಯ ಸೋಂಕು ತಗುಲಿತು. ಮಾರ್ಗಸೂಚಿ ಬರೆಯುವುದು ಸುಲಭ, ಅಭ್ಯಾಸ ಬದಲಿಸುವುದು ಕಷ್ಟ ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಹಾಗಾದರೆ ನಿರುಪದ್ರವಿ ತಳಿಗಳನ್ನು ಬಳಸಿದರೆ ಸಾಕೇ? ಬಹುಮಟ್ಟಿಗೆ ಸಾಕು, ಆದರೆ ಪೂರ್ಣ ಭರವಸೆ ಇಡುವಂತಿಲ್ಲ. ಷಿಕಾಗೊ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಮಾಲ್ಕಮ್ ಕ್ಯಾಸಡಬಾನ್ 2009ರ ಸೆಪ್ಟೆಂಬರ್‌ನಲ್ಲಿ ಪ್ಲೇಗ್‌ನಿಂದ ಅಸುನೀಗಿದರು. ಅವರು ಬಳಸುತ್ತಿದ್ದುದು ಕಬ್ಬಿಣಾಂಶ ಹೀರುವ ಸಾಮರ್ಥ್ಯ ಕಳೆದುಕೊಂಡು ದುರ್ಬಲಗೊಂಡಿದ್ದ ತಳಿ. ಸಾಮಾನ್ಯ ಆರೋಗ್ಯವಂತನಿಗೆ ಅದು ಅಪಾಯಕಾರಿಯಲ್ಲವೆಂದೇ ಎಣಿಸಲಾಗಿತ್ತು. ಆದರೆ ದೇಹದಲ್ಲಿ ಕಬ್ಬಿಣಾಂಶ ಅತಿಯಾಗಿ ಶೇಖರವಾಗುವ ಆನುವಂಶಿಕ ತೊಂದರೆ ಅವರಿಗಿತ್ತು. ಅದು ಪತ್ತೆಯಾದದ್ದು ಸಾವಿನ ಅನಂತರ. ದುರ್ಬಲ ಬ್ಯಾಕ್ಟೀರಿಯಾಕ್ಕೆ ಬೇಕಿದ್ದ ಕಬ್ಬಿಣ ಆ ದೇಹದಲ್ಲಿ ಸಿಕ್ಕಿರಬೇಕೆಂಬುದು ತಜ್ಞರ ವಿವರಣೆ. ಅವರು ಕೈಗವಸನ್ನು ಎಲ್ಲ ವೇಳೆಯೂ ಧರಿಸುತ್ತಿರಲಿಲ್ಲವೆಂಬ ಅಂಶವೂ ತನಿಖೆಯಲ್ಲಿ ದಾಖಲಾಯಿತು. ತಳಿ ಯಾವುದೇ ಇರಲಿ, ಮೂಲಭೂತ ಎಚ್ಚರಿಕೆಯನ್ನು ಬಿಡುವಂತಿಲ್ಲ ಎಂಬುದು ಈ ಸಾವಿನ ಪಾಠ.

ಮುಚ್ಚಿಟ್ಟರೆ ಮುಗಿಯದು

ಸೋಂಕಿಗಿಂತಲೂ ಹೆಚ್ಚು ಹಾನಿ ಮಾಡುವುದು ಅದನ್ನು ಬಚ್ಚಿಡುವ ಪ್ರವೃತ್ತಿ. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ 2006ರ ಫೆಬ್ರವರಿಯಲ್ಲಿ ಪ್ರಯೋಗದ ಉಪಕರಣವನ್ನು ಶುಚಿಗೊಳಿಸುತ್ತಿದ್ದ ಸಂಶೋಧನಾ ಸಿಬ್ಬಂದಿಯೊಬ್ಬರಿಗೆ ಬ್ರುಸೆಲ್ಲಾ ಸೋಂಕು ತಗುಲಿತು. ಕಾನೂನಿನ ಪ್ರಕಾರ ಕೂಡಲೇ ವರದಿ ಮಾಡಬೇಕಿತ್ತು, ಮಾಡಲಿಲ್ಲ. ಸ್ವಯಂಸೇವಾ ಸಂಸ್ಥೆಯೊಂದು ಅಲ್ಲಿನ ಮಾಹಿತಿ ಕಾನೂನಿನಡಿ ದಾಖಲೆಗಳನ್ನು ಕೇಳಿ ಪಡೆದ ಬಳಿಕವೇ, 2007ರಲ್ಲಿ, ವಿಷಯ ಬಯಲಾಯಿತು. ಅಪಾಯಕಾರಿ ರೋಗಾಣುಗಳ ಕುರಿತ ಅಲ್ಲಿನ ಸಂಶೋಧನೆಯನ್ನು ಸರ್ಕಾರ ಸ್ಥಗಿತಗೊಳಿಸಿತು. 2008ರಲ್ಲಿ ವಿಶ್ವವಿದ್ಯಾಲಯ 10 ಲಕ್ಷ ಡಾಲರ್ ದಂಡ ತೆತ್ತಿತು.

ಚೀನಾದ ಹಾರ್ಬಿನ್ ನಗರದ ಈಶಾನ್ಯ ಕೃಷಿ ವಿಶ್ವವಿದ್ಯಾಲಯದ ಪ್ರಕರಣ ಕರ್ನಾಟಕದ ಮಟ್ಟಿಗೆ ಇನ್ನಷ್ಟು ಹತ್ತಿರದ್ದು. 2010ರ ಡಿಸೆಂಬರ್‌ನಲ್ಲಿ ಅಲ್ಲಿನ ವಿದ್ಯಾರ್ಥಿಗಳು ಅಂಗರಚನೆಯ ಪ್ರಯೋಗದಲ್ಲಿ ನಾಲ್ಕು ಆಡುಗಳನ್ನು ಬಳಸಿದರು. ಆಡುಗಳನ್ನು ಖರೀದಿಸುವಾಗ ರೋಗ ತಪಾಸಣೆಯ ಪ್ರಮಾಣಪತ್ರವನ್ನು ಕೇಳಿರಲಿಲ್ಲ. 27 ವಿದ್ಯಾರ್ಥಿಗಳಿಗೂ ಒಬ್ಬ ಶಿಕ್ಷಕರಿಗೂ ಬ್ರುಸೆಲ್ಲೋಸಿಸ್ ತಗುಲಿತು. ವಿಷಯ ಬಹಿರಂಗವಾದದ್ದು 2011ರ ಸೆಪ್ಟೆಂಬರ್‌ನಲ್ಲಿ. ವಿಶ್ವವಿದ್ಯಾಲಯ ಕ್ಷಮೆ ಕೇಳಿತು, ಹೊಣೆಗಾರರನ್ನು ಹುದ್ದೆಯಿಂದ ತೆಗೆಯಿತು. ಆದರೆ ಬ್ರುಸೆಲ್ಲೋಸಿಸ್ ಅಂದರೆ ತಿಂಗಳುಗಟ್ಟಲೆ ಮರುಕಳಿಸುವ ಜ್ವರ, ಕೀಲುನೋವು, ನಿಶ್ಶಕ್ತಿ. ಕ್ಷಮಾಪಣೆಯಿಂದ ವಾಸಿಯಾಗುವ ಕಾಯಿಲೆ ಅದಲ್ಲ.

ದನ, ಎಮ್ಮೆ, ಕುರಿ, ಮೇಕೆಗಳು ಕಂದು ಹಾಕಲು ಕಾರಣವಾಗುವ ಈ ರೋಗ ಕರ್ನಾಟಕದ ಹೈನುಗಾರರಿಗೆ ಅಪರಿಚಿತವಲ್ಲ. ರಾಜ್ಯದ ಪಶುವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳು ಹೆರಿಗೆಯ ತೊಂದರೆಯಿರುವ ಹಸುವಿನ ಗರ್ಭಕೋಶಕ್ಕೆ ಕೈ ಹಾಕಿಯೇ ವಿದ್ಯೆ ಕಲಿಯಬೇಕು. ಅವರಿಗೆ ಉದ್ದ ಕೈಗವಸು, ಕಣ್ಣಿನ ರಕ್ಷಣೆ ಅತ್ಯಗತ್ಯ. ಬಿಟ್ಟುಬಿಟ್ಟು ಜ್ವರ ಬಂದರೆ ವೈದ್ಯರ ಬಳಿ ಹೋಗಿ ತಮ್ಮ ಕೆಲಸದ ಸ್ವರೂಪವನ್ನು ಹೇಳಬೇಕೆಂಬ ತಿಳಿವಳಿಕೆಯೂ ಅಷ್ಟೇ ಅಗತ್ಯ. ಇಲ್ಲವಾದರೆ ಟೈಫಾಯ್ಡ್ ಎಂದೋ ಕ್ಷಯವೆಂದೋ ಚಿಕಿತ್ಸೆ ನಡೆದು ಕಾಲ ಕಳೆಯುತ್ತದೆ.

ಮಂಗನ ಕಾಯಿಲೆಯ ನಾಡು

ರೋಗಾಣುಗಳ ಚರಿತ್ರೆಯಲ್ಲಿ ಕರ್ನಾಟಕಕ್ಕೆ ತನ್ನದೇ ಆದ ಸ್ಥಾನವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಬಳಲಿದಾಗ ಪತ್ತೆಯಾದ ವೈರಸ್‌ಗೆ ಆ ಕಾಡಿನ ಹೆಸರೇ ಉಳಿದಿದೆ. ಉಣುಗು ಕಚ್ಚಿ ಹರಡುವ ಈ ರೋಗ ಮಲೆನಾಡಿಗರಿಗೆ ಮಂಗನ ಕಾಯಿಲೆ. ಅದನ್ನು ಅಧ್ಯಯನ ಮಾಡಿದ ಪ್ರಯೋಗಾಲಯಗಳ ಸಿಬ್ಬಂದಿಗೂ ಸೋಂಕು ತಗುಲಿದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಕಾಡಿನಲ್ಲಿ ಉಣುಗು ಕಚ್ಚದೆ ಬಾರದ ಕಾಯಿಲೆ ಪ್ರಯೋಗಾಲಯದಲ್ಲಿ ಉಣುಗಿನ ಹಂಗಿಲ್ಲದೆ ಬಂದೀತು ಎಂಬುದನ್ನು ಈ ನಾಡು ಆಗಲೇ ಕಂಡಿದೆ.

ಕಾನೂನಿನ ಕೊರತೆಯೇನೂ ಇಲ್ಲ. ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿಯೇ ಅಪಾಯಕಾರಿ ಸೂಕ್ಷ್ಮಜೀವಿಗಳು ಮತ್ತು ಕುಲಾಂತರಿ ಜೀವಿಗಳ ಬಳಕೆ ಕುರಿತ ನಿಯಮಗಳು ಬಂದಿವೆ. ಅವುಗಳ ಪ್ರಕಾರ ಇಂಥ ಜೀವಿಗಳ ಮೇಲೆ ಸಂಶೋಧನೆ ನಡೆಸುವ ಸಂಸ್ಥೆಯಲ್ಲಿ ಜೈವಿಕ ಸುರಕ್ಷತಾ ಸಮಿತಿ ಇರಬೇಕು, ಅದರಲ್ಲಿ ವೈದ್ಯರೊಬ್ಬರು ಇರಬೇಕು. ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ವಿವರವಾದ ಮಾರ್ಗಸೂಚಿ ಹೊರಡಿಸಿತು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಆಸ್ಪತ್ರೆಗಳಿಗೆ ಮಾತ್ರ ಅನ್ವಯವೆಂಬ ತಪ್ಪು ಕಲ್ಪನೆ ಇದೆ. ವಾಸ್ತವವಾಗಿ ಸಂಶೋಧನಾ ಮತ್ತು ಶಿಕ್ಷಣ ಸಂಸ್ಥೆಗಳು, ಪಶುವೈದ್ಯಕೀಯ ಸಂಸ್ಥೆಗಳು, ಪ್ರಯೋಗ ಪ್ರಾಣಿಗಳ ಗೃಹಗಳೂ ಅವುಗಳ ವ್ಯಾಪ್ತಿಗೆ ಬರುತ್ತವೆ. ಸೂಕ್ಷ್ಮಜೀವಿಗಳಿರುವ ತ್ಯಾಜ್ಯವನ್ನು ಹೊರಗೆ ಕಳುಹಿಸುವ ಮುನ್ನ ಸಂಸ್ಥೆಯ ಆವರಣದಲ್ಲಿಯೇ ಸಂಸ್ಕರಿಸಬೇಕು. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ತ್ಯಾಜ್ಯ ನಿರ್ವಹಿಸುವ ಸಿಬ್ಬಂದಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು. ಅಪಘಾತ ನಡೆದರೆ ನಿಗದಿತ ನಮೂನೆಯಲ್ಲಿ ವರದಿ ಸಲ್ಲಿಸಬೇಕು.

ಈ ನಿಯಮಗಳಲ್ಲಿರುವ ಒಂದು ಅಂಶ ಬಹಳಷ್ಟು ಕಾಲೇಜುಗಳ ಗಮನಕ್ಕೆ ಬರಬೇಕು. ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮವನ್ನು ಆಟೊಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 15ರಿಂದ 20 ನಿಮಿಷ ಇಡುವುದನ್ನು ಪ್ರತಿ ವಿದ್ಯಾರ್ಥಿ ಮೊದಲ ವರ್ಷವೇ ಕಲಿಯುತ್ತಾನೆ. ಸಾಮಾನ್ಯ ಆಟೊಕ್ಲೇವ್‌ನಲ್ಲಿ ತ್ಯಾಜ್ಯವನ್ನು ಸಂಸ್ಕರಿಸಲು ಅದೇ ಶಾಖದಲ್ಲಿ ಕನಿಷ್ಠ 60 ನಿಮಿಷ ಬೇಕೆಂದು ನಿಯಮ ಹೇಳುತ್ತದೆ. ಒತ್ತಾಗಿ ತುಂಬಿದ ಚೀಲದ ನಡುಭಾಗಕ್ಕೆ ಹಬೆ ತಲುಪಲು ಕಾಲಾವಕಾಶ ಬೇಕು ಎಂಬುದೇ ಇದರ ತರ್ಕ. ನಡುವೆ ವಿದ್ಯುತ್ ಹೋಗಿ ಶಾಖ ಇಳಿದರೆ ಲೆಕ್ಕ ಮೊದಲಿನಿಂದ ಆರಂಭವಾಗಬೇಕು. ಚೀಲಕ್ಕೆ ಅಂಟಿಸಿದ ಪಟ್ಟಿಯ ಬಣ್ಣ ಬದಲಾದ ಮಾತ್ರಕ್ಕೆ ಒಳಗಿನ ಜೀವಾಣುಗಳೆಲ್ಲ ಸತ್ತವೆಂದು ಅರ್ಥವಲ್ಲ.

ಇಂಥದೇ ಇನ್ನೊಂದು ಗೊಂದಲ ಲ್ಯಾಮಿನಾರ್ ಫ್ಲೋ ಪೀಠದ ಕುರಿತಾದದ್ದು. ಸಸ್ಯ ಅಂಗಾಂಶ ಕೃಷಿಗೆ ಬಳಸುವ ಈ ಪೀಠ ಶೋಧಿಸಿದ ಗಾಳಿಯನ್ನು ಕುಳಿತವರ ಮುಖದ ಕಡೆಗೇ ಬೀಸುತ್ತದೆ. ಅದು ಕಾಪಾಡುವುದು ಮಾದರಿಯನ್ನು, ಮನುಷ್ಯರನ್ನಲ್ಲ. ರೋಗಾಣುಗಳೊಂದಿಗೆ ಕೆಲಸ ಮಾಡಲು ಬೇಕಾದದ್ದು ಗಾಳಿಯನ್ನು ಒಳಕ್ಕೆ ಸೆಳೆದು, ಶೋಧಿಸಿ ಹೊರಬಿಡುವ ಜೈವಿಕ ಸುರಕ್ಷತಾ ಕ್ಯಾಬಿನೆಟ್. ದೂರದಿಂದ ನೋಡಿದರೆ ಎರಡೂ ಗಾಜಿನ ಪೆಟ್ಟಿಗೆಗಳಂತೆಯೇ ಕಾಣುತ್ತವೆ. ಒಂದರ ಬದಲು ಇನ್ನೊಂದನ್ನು ಬಳಸಿದರೆ ರಕ್ಷಣೆಗೆಂದು ಕೊಂಡ ಉಪಕರಣವೇ ರೋಗಾಣುವನ್ನು ಮೂಗಿಗೆ ತಂದು ಮುಟ್ಟಿಸುತ್ತದೆ.

ಹೊಣೆ ಯಾರದು?

ಕಾನೂನು, ಮಾರ್ಗಸೂಚಿ, ಉಪಕರಣ ಎಲ್ಲ ಇದ್ದರೂ ಪ್ರಶ್ನೆ ಉಳಿಯುವುದು ಹೊಣೆಗಾರಿಕೆಯದು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಬೋಧನೆಯ ದೊಡ್ಡ ಭಾರ ಅತಿಥಿ ಉಪನ್ಯಾಸಕರ ಮೇಲಿದೆ. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿರುವ ಖಾತರಿಯಿಲ್ಲದ ಉಪನ್ಯಾಸಕ, ತನ್ನ ಪ್ರಯೋಗಾಲಯದಲ್ಲಿ ಹೀಗೊಂದು ಅವಘಡ ನಡೆಯಿತೆಂದು ಬರೆದುಕೊಡಲು ಮುಂದಾಗುವುದು ಕಷ್ಟ. ಸಂಶೋಧನಾ ವಿದ್ಯಾರ್ಥಿಗೆ ಮಾರ್ಗದರ್ಶಕರ ಮುನಿಸಿನ ಭಯ. ತಟ್ಟೆ ತೊಳೆಯುವ, ನೆಲ ಒರೆಸುವ ಹೊರಗುತ್ತಿಗೆ ಸಿಬ್ಬಂದಿಗೆ ಆ ತಟ್ಟೆಯಲ್ಲಿ ಏನಿತ್ತೆಂಬುದನ್ನು ಹೇಳುವವರೇ ಇಲ್ಲದಿದ್ದರೆ ವರದಿ ಮಾಡುವ ಮಾತೇ ಏಳುವುದಿಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರಾಣ ತೆತ್ತದ್ದು ಛಾಯಾಗ್ರಾಹಕಿ, ಬೀಜಿಂಗ್‌ನಲ್ಲಿ ವಿದ್ಯಾರ್ಥಿನಿಯ ತಾಯಿ. ಅಪಾಯದ ಲೆಕ್ಕದಲ್ಲಿ ಹೆಸರೇ ಇಲ್ಲದವರು ಇವರು. ಕರ್ನಾಟಕದ ಕಾಲೇಜುಗಳಲ್ಲಿ ಆ ಸ್ಥಾನದಲ್ಲಿ ಇರುವವರು ಅಟೆಂಡರ್‌ಗಳು, ಸ್ವಚ್ಛತಾ ಕಾರ್ಮಿಕರು ಮತ್ತು ವಿದ್ಯಾರ್ಥಿಗಳ ಮನೆಮಂದಿ.

ನಿಯಮ ಬಿಗಿಯಾದರೆ ಪ್ರಯೋಗಗಳೇ ನಿಂತು, ವಿಡಿಯೊ ತೋರಿಸಿ ಪಾಠ ಮುಗಿಸುವ ಪರಿಸ್ಥಿತಿ ಬರುತ್ತದೆಂಬ ಆತಂಕ ಶಿಕ್ಷಕರಲ್ಲಿದ್ದರೆ ಅದನ್ನು ತಳ್ಳಿಹಾಕುವಂತಿಲ್ಲ. ಕೈಯಾರೆ ಮಾಡದೆ ಸೂಕ್ಷ್ಮಜೀವಿಶಾಸ್ತ್ರ ಒಲಿಯದು. ಕೋವಿಡ್ ಕಾಲದಲ್ಲಿ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳು ಪರೀಕ್ಷಾ ಕೇಂದ್ರಗಳಾಗಿ ನೆರವಿಗೆ ಬಂದದ್ದು ನುರಿತ ಕೈಗಳಿದ್ದುದರಿಂದಲೇ. ಆದರೆ ಕೈ ನುರಿಯಲು ರೋಗಾಣುವೇ ಬೇಕೆಂದಿಲ್ಲ. ಬಣ್ಣ ಹಚ್ಚುವುದು, ಬೆಳೆಸುವುದು, ಎಣಿಸುವುದು ಮುಂತಾದ ಬಹುತೇಕ ಪ್ರಯೋಗಗಳನ್ನು ಯೀಸ್ಟ್, ಬ್ಯಾಸಿಲಸ್ ಸಬ್ಟಿಲಿಸ್, ಇ. ಕೋಲಿಯ ಕೆ-12 ತಳಿಯಂಥ ನಿರುಪದ್ರವಿಗಳಿಂದ ಕಲಿಸಬಹುದು. ಚರಂಡಿ ನೀರು, ಗಂಟಲಿನ ದ್ರವ, ರೋಗಗ್ರಸ್ತ ಹಸುವಿನ ಹಾಲು ಮುಂತಾದವುಗಳಿಂದ ಬೆಳೆಸಿದ ತಟ್ಟೆಯಲ್ಲಿ ಯಾವ ಜೀವಿ ಇದೆಯೆಂದು ಮೊದಲೇ ಹೇಳಲಾಗದು. ಅಂಥ ತಟ್ಟೆಗಳನ್ನು ಮುಚ್ಚಿ ಅಂಟಿಸಿ, ಹೊರಗಿನಿಂದ ನೋಡಿಯೇ ಪಾಠ ಮುಗಿಸುವುದು ಕ್ಷೇಮ. ಪ್ರಾಣಿಶಾಸ್ತ್ರದ ತರಗತಿಯಲ್ಲಿ ರಕ್ತದ ಗುಂಪು ಪತ್ತೆ ಮಾಡುವಾಗ ಒಬ್ಬರಿಗೆ ಒಂದೇ ಸೂಜಿ, ಅದೂ ಒಮ್ಮೆ ಮಾತ್ರ ಎಂಬ ನಿಯಮಕ್ಕೆ ರಿಯಾಯಿತಿ ಸಲ್ಲದು.

ವಿಶ್ವ ಆರೋಗ್ಯ ಸಂಸ್ಥೆ 2020ರ ಕೊನೆಯಲ್ಲಿ ಹೊರತಂದ ಪ್ರಯೋಗಾಲಯ ಸುರಕ್ಷತಾ ಕೈಪಿಡಿಯ ನಾಲ್ಕನೇ ಆವೃತ್ತಿಯೂ ಇದೇ ದಿಕ್ಕಿನಲ್ಲಿದೆ. ದುಬಾರಿ ಕಟ್ಟಡ, ಯಂತ್ರಗಳಿಗಿಂತ ಮೊದಲು ಮಾಡುವ ಕೆಲಸದ ಅಪಾಯವನ್ನು ಅಂದಾಜು ಮಾಡಿ, ಒಳ್ಳೆಯ ಕಾರ್ಯವಿಧಾನ ಮತ್ತು ತರಬೇತಿಗೆ ಒತ್ತು ಕೊಡಿ ಎಂಬುದು ಅದರ ಸಾರ. ಅನುದಾನದ ಕೊರತೆಯಿರುವ ಕಾಲೇಜುಗಳಿಗೆ ಇದು ಸಮಾಧಾನದ ಸಂಗತಿ. ಬಾಗಿಲ ಬಳಿ ಕೈ ತೊಳೆಯುವ ನಲ್ಲಿ ಮತ್ತು ಸಾಬೂನು, ಪ್ರಯೋಗಾಲಯದಲ್ಲಿಯೇ ಉಳಿಯುವ ಮೇಲಂಗಿ, ಅವಘಡಗಳನ್ನು ಬರೆದಿಡುವ ದಾಖಲೆ ಪುಸ್ತಕ, ಬರೆದವರಿಗೆ ಶಿಕ್ಷೆಯಿಲ್ಲವೆಂಬ ಲಿಖಿತ ಭರವಸೆ, ಸ್ವಚ್ಛತಾ ಸಿಬ್ಬಂದಿಗೆ ಕನ್ನಡದಲ್ಲಿ ತರಬೇತಿ, ವೈದ್ಯರಿಗೆ ತೋರಿಸಲು ವಿದ್ಯಾರ್ಥಿಯ ಜೇಬಿನಲ್ಲೊಂದು ಚೀಟಿ. ಇವುಗಳಿಗೆ ಕೋಟಿಗಳ ಅನುದಾನ ಬೇಕಿಲ್ಲ. ಸಂಯೋಜನೆ ನವೀಕರಿಸಲು ಬರುವ ವಿಶ್ವವಿದ್ಯಾಲಯದ ಸ್ಥಳೀಯ ವಿಚಾರಣಾ ಸಮಿತಿ ಕಟ್ಟಡ, ಗ್ರಂಥಾಲಯಗಳನ್ನು ನೋಡುವಾಗ ಈ ದಾಖಲೆ ಪುಸ್ತಕವನ್ನೂ ಕೇಳಿ ನೋಡಿದರೆ ಅರ್ಧ ಕೆಲಸ ಆದಂತೆ. ವರ್ಷವಿಡೀ ಒಂದು ಸಾಲೂ ಬರೆಯದ ಪುಸ್ತಕವನ್ನು ಕಂಡರೆ ಸಮಿತಿ ಸಂತೋಷಪಡಬೇಕಿಲ್ಲ, ಅನುಮಾನ ಪಡಬೇಕು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ಕನ್ನಡದಲ್ಲಿದೆ. ಬರ್ಮಿಂಗ್‌ಹ್ಯಾಮ್, ಟೆಕ್ಸಾಸ್, ಹಾರ್ಬಿನ್‌ಗಳಲ್ಲಿ ಆದದ್ದು ಅದೇ. ಜೂನ್, ಜುಲೈ ಬಂತೆಂದರೆ ಹೊಸ ವಿದ್ಯಾರ್ಥಿಗಳು ಹೊಸ ಬಿಳಿ ಮೇಲಂಗಿ ತೊಟ್ಟು ಪ್ರಯೋಗಾಲಯಕ್ಕೆ ಬರುತ್ತಾರೆ. ಸಂಜೆ ಅದೇ ಮೇಲಂಗಿಯನ್ನು ಚೀಲದಲ್ಲಿ ತುರುಕಿಕೊಂಡು ಬಸ್ಸು ಹತ್ತುತ್ತಾರೆ. ಮನೆಯಲ್ಲಿ ಅದನ್ನು ತೊಳೆಯುವ ಕೈ ತಾಯಿಯದೋ ಅಕ್ಕನದೋ ಆಗಿರುತ್ತದೆ. ಆ ಮೇಲಂಗಿ ಎಲ್ಲಿ ಉಳಿಯಬೇಕೆಂಬುದನ್ನು ಮೊದಲ ದಿನವೇ ಹೇಳಿಕೊಡುವ ಹೊಣೆ ಸಂಸ್ಥೆಯದು.